ಬ್ಯಾಸ್ಗೆ ಯಾವತ್ತು ಸುರು?

(ಮಾತಾಡಿದವರು ಮೂವರು. ಮಂಡ್ಯದಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು. ಮಳವಳ್ಳಿ ಕಡೆ, ನಾಲೆಯ ಕೊನೇ ಭಾಗದಲ್ಲಿ, ಒಂದಿಷ್ಟು ಗದ್ದೆ ಒಂದಿಷ್ಟು ಹೊಲ ಇಟ್ಟುಕೊಂಡಿರುವ ರೈತ. ಮದ್ದೂರಿನಲ್ಲಿ ಬೆಳೆದು ಬೆಂಗಳೂರಿನಲ್ಲಿ ಓದುತ್ತಿರುವ ಹುಡುಗಿ. ಕಾಲ: ಯುಗಾದಿ ಕಳೆದ ಮೇಲಿನ ಒಂದು ಮಧ್ಯಾಹ್ನ.)

ರೈತ: ವಸಂತ ಋತುವಂತೆ! ಪಂಚಾಂಗದಲ್ಲಿ ಬರೆದವ್ರೆ ನೋಡಿ ಮೇಷ್ಟ್ರೆ. ಹಟ್ಟಿಯಿಂದ ಆಚೆ ಕಾಲಿಟ್ರೆ ಅಂಗಾಲು ಸುಡ್ತದೆ. ಇದ್ಯಾವ ಸೀಮೆ ವಸಂತ?

ಮೇಷ್ಟ್ರು: ಪಂಚಾಂಗದವರು ತಪ್ಪು ಬರೆದಿಲ್ಲ. ಚೈತ್ರ, ವೈಶಾಖ ಎರಡೂ ವಸಂತ. ಗ್ರೀಷ್ಮ ಕೂರುವುದು ಜ್ಯೇಷ್ಠಕ್ಕೆ, ಏಳುವುದು ಆಷಾಢ ಮುಗಿದ ಮೇಲೆ.

ರೈತ: ಆಷಾಢದಲ್ಲಿ ನಮ್ಮೂರಲ್ಲಿ ಹೆಂಚು ಹಾರೋಗೊ ಗಾಳಿ. ಅದು ಬ್ಯಾಸ್ಗೆನಾ?

ಹುಡುಗಿ: ಅಂದ್ರೆ ಬೆವರು ಕಿತ್ತುಕೊಂಡು ಬರುವಾಗ ವಸಂತ, ಮೋಡ ಕವಿದು ತಣ್ಣಗಾದ ಮೇಲೆ ಗ್ರೀಷ್ಮ. ಚೆನ್ನಾಗಿದೆ!

ಮೇಷ್ಟ್ರು: ಆ ಆರು ಋತುಗಳ ಚೌಕಟ್ಟು ಉತ್ತರದ ಬಯಲಿನವರದು. ಅಲ್ಲಿ ಜೂನ್ ಕಳೆಯುವವರೆಗೂ ಆಕಾಶ ಕರಗುವುದಿಲ್ಲ, ನೆಲ ಕಾಯುತ್ತಲೇ ಇರುತ್ತದೆ. ಕಾಳಿದಾಸನ ‘ಋತುಸಂಹಾರ’ ವಸಂತದಿಂದಲ್ಲ, ಗ್ರೀಷ್ಮದಿಂದ ಶುರುವಾಗುತ್ತದೆ. ನಮ್ಮಲ್ಲಿ ಉರಿ ಹತ್ತುವುದು ಶಿವರಾತ್ರಿಯಿಂದ, ಇಳಿಯುವುದು ಮೇ ತಿಂಗಳ ಗುಡುಗು ಸಿಡಿಲಿಗೆ. ಮಂಡ್ಯ ಜಿಲ್ಲೆಯ ಮಳೆ ಲೆಕ್ಕ ತೆಗೆದು ನೋಡಿ: ಮೇ ತಿಂಗಳಲ್ಲಿ ಬೀಳುವಷ್ಟು ಜೂನ್‌ನಲ್ಲಿ ಬೀಳುವುದಿಲ್ಲ, ಜುಲೈನಲ್ಲೂ ಬೀಳುವುದಿಲ್ಲ. ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರಿನದು. ಪಶ್ಚಿಮಘಟ್ಟದ ಮಗ್ಗುಲಲ್ಲಿ ಮಳೆಯ ನೆರಳಿಗೆ ಸಿಕ್ಕಿಕೊಂಡ ನಾಡು ನಮ್ಮದು.

ಹುಡುಗಿ: ಹಾಗಾದರೆ ವಸಂತ ಅನ್ನೋದು ನಮಗೆ ಸುಳ್ಳು?

ಮೇಷ್ಟ್ರು: ಮರಗಳಿಗೆ ನಿಜ. ಹೊಂಗೆ ಎಲೆ ಉದುರಿಸಿ ಹೊಸದು ಹೊದ್ದುಕೊಳ್ಳುವುದು ಈಗಲೇ, ಬೇವು ಹೂ ಬಿಡುವುದು ಈಗಲೇ, ಮಾವು ಕಾಯಿ ಕಚ್ಚುವುದೂ ಈಗಲೇ. ನೆತ್ತಿ ಸುಡುವ ಹೊತ್ತಿನಲ್ಲಿ ನೆರಳು ದಟ್ಟವಾಗಿರಲಿ ಅಂತ ಹೊಂಗೆಗೆ ಯಾರು ಹೇಳಿಕೊಟ್ಟರೋ. ಮನುಷ್ಯನ ಚರ್ಮಕ್ಕೆ ಮಾತ್ರ ಇದು ಬೇಸಿಗೆ.

ರೈತ: ಬ್ಯಾಸ್ಗೆ.

ಮೇಷ್ಟ್ರು: ಸರಿ, ಬ್ಯಾಸ್ಗೆ. ನಿಮ್ಮ ಬಾಯಲ್ಲಿ ಬೇಳೆ ಬ್ಯಾಳೆ ಆಗುತ್ತದೆ, ಬೇಡ ಬ್ಯಾಡ ಆಗುತ್ತದೆ. ಹಳಗನ್ನಡದವರು ‘ಬೇಸಗೆ’ ಅಂದರು. ಈಗಲೂ ಕೆಲವರು ಹಾಗೇ ಬರೆಯುತ್ತಾರೆ. ಅದರ ಒಳಗೆ ಕೂತಿರುವುದು ‘ಬೇ’ ಎಂಬ ಧಾತು, ಬೇಯುವುದು ಎನ್ನುತ್ತೇವಲ್ಲ, ಅದೇ. ಬೇಗೆ ಆ ಮನೆಯದು, ಬಿಸಿ ಆ ಮನೆಯದು, ಬಿಸಿಲೂ ಆ ಮನೆಯದು. ಸೂರ್ಯನಿಗೆ ಬೆಂಗದಿರ ಅಂತ ಹಳೆಯ ಹೆಸರು, ಬಿಸಿ ಕಿರಣದವನು. ಚಂದ್ರ ತಂಗದಿರ. ಇನ್ನು ಬೆಂಗಾಡು: ಬೆಂದ ಕಾಡು, ನೀರಿಲ್ಲದ ನೆಲ.

ರೈತ: ನಮ್ಮ ತಾತ ಆ ಮಾತು ಆಡೋರು. ನಾಲೆ ಬರೋಕ್ ಮುಂಚೆ ಮಂಡ್ಯ ಬೆಂಗಾಡು ಕಣ್ಲಾ ಅಂತ.

ಮೇಷ್ಟ್ರು: ಆ ಮಾತು ನೆನಪಿಟ್ಟುಕೊಳ್ಳಿ, ಬೇಕಾಗುತ್ತದೆ. ನೆರೆಹೊರೆಯವರನ್ನು ಕೇಳಿದರೂ ಇದೇ ಬೇರು. ತೆಲುಗರು ವೇಸವಿ ಅನ್ನುತ್ತಾರೆ. ತಮಿಳಿನಲ್ಲಿ ಬಿಸಿಲು ವೆಯಿಲ್, ಬಿಸಿಲುಗಾಲ ವೇನಿಲ್. ಅವರ ವಕಾರ ನಮ್ಮಲ್ಲಿ ಬಕಾರ. ಅವರ ವೇರ್ ನಮ್ಮ ಬೇರು, ಅವರ ವಿಲ್ ನಮ್ಮ ಬಿಲ್ಲು. ಬರೋ ಮತ್ತು ಎಮೆನೋ ಎಂಬ ಇಬ್ಬರು ವಿದ್ವಾಂಸರು 1961ರಲ್ಲಿ ದ್ರಾವಿಡ ಭಾಷೆಗಳ ನಿಷ್ಪತ್ತಿ ಕೋಶ ತಂದಾಗ ಈ ನಂಟರನ್ನೆಲ್ಲ ಒಂದೇ ಪಂಕ್ತಿಯಲ್ಲಿ ಕೂರಿಸಿದರು.

ರೈತ: ಬೇಸಾಯನೂ ಅದೇ ಪಂಕ್ತಿಯಾ? ಬಿಸಿಲಲ್ಲಿ ಬೇಯೋದೇ ಬೇಸಾಯ.

ಮೇಷ್ಟ್ರು: ಕೇಳೋಕೆ ಚೆನ್ನಾಗಿದೆ, ಆದರೆ ಅಲ್ಲ. ಬೇಸಾಯ ಸಂಸ್ಕೃತದ ವ್ಯವಸಾಯ ತದ್ಭವವಾಗಿ ಬಂದದ್ದು. ಕಿವಿಗೆ ಒಂದೇ ಥರ ಕೇಳಿಸಿದ ಮಾತ್ರಕ್ಕೆ ಪದಗಳು ಅಣ್ಣತಮ್ಮಂದಿರಾಗುವುದಿಲ್ಲ. ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ಹುಟ್ಟಿ, ಇದೇ ಮಂಡ್ಯದಲ್ಲಿ ಮೇಷ್ಟ್ರಾಗಿದ್ದ ಜಿ. ವೆಂಕಟಸುಬ್ಬಯ್ಯನವರು ‘ಇಗೋ ಕನ್ನಡ’ ಅಂಕಣದಲ್ಲಿ ವರ್ಷಗಟ್ಟಲೆ ಮಾಡಿದ್ದು ಇದನ್ನೇ: ಓದುಗರ ಪ್ರಶ್ನೆ ಎತ್ತಿಕೊಂಡು ಯಾವ ಪದ ಯಾರ ಮನೆಯದು ಅಂತ ಹೇಳುವುದು. ಅವರು ಇದ್ದಿದ್ದರೆ ನಿಮ್ಮ ಪ್ರಶ್ನೆಯನ್ನು ಖಂಡಿತ ತೆಗೆದುಕೊಳ್ಳುತ್ತಿದ್ದರು.

ಹುಡುಗಿ: ನಮ್ಮ ಹಾಸ್ಟೆಲಲ್ಲಿ ಯಾರೂ ಬೇಸಿಗೆ ಅನ್ನೋದೇ ಇಲ್ಲ. ಸಮ್ಮರ್. ಸಮ್ಮರ್ ಕ್ಯಾಂಪ್, ಸಮ್ಮರ್ ಸೇಲ್, ಸಮ್ಮರ್ ಇಂಟರ್ನ್‌ಶಿಪ್. ಆ ಪದ ಎಲ್ಲಿಂದ ಬಂತು?

ಮೇಷ್ಟ್ರು: ಹಳೆಯ ಇಂಗ್ಲಿಷಿನಲ್ಲಿ ‘ಸುಮೊರ್’. ಅದರ ದೂರದ ತಂಗಿ ಸಂಸ್ಕೃತದಲ್ಲಿದ್ದಾಳೆ, ‘ಸಮಾ’ ಅಂತ. ಸಂಸ್ಕೃತದಲ್ಲಿ ಅದಕ್ಕೆ ವರ್ಷ ಎಂಬ ಅರ್ಥ.

ಹುಡುಗಿ: ಬೇಸಿಗೆ ಅನ್ನೋ ಪದ ವರ್ಷ ಆಗಿಬಿಡ್ತಾ?

ಮೇಷ್ಟ್ರು: ಕಾಲ ಎಣಿಸಬೇಕಾದವನು ಯಾವುದಾದರೂ ಒಂದು ಋತುವನ್ನು ಹಿಡಿದೇ ಎಣಿಸಬೇಕು. ಚಳಿಯ ದೇಶದವರು ಬೇಸಿಗೆಯನ್ನು ಎಣಿಸಿದರು, ಇಷ್ಟು ಬೇಸಿಗೆ ಕಂಡವಳು ಅಂದರೆ ಇಷ್ಟು ವಯಸ್ಸಿನವಳು. ಸಂಸ್ಕೃತದವರು ಶರತ್ತನ್ನೂ ಎಣಿಸಿದರು, ಹಿಮವನ್ನೂ ಎಣಿಸಿದರು. ಕೊನೆಗೆ ಬಳಕೆಯಲ್ಲಿ ನಿಂತದ್ದು ‘ವರ್ಷ’. ವರ್ಷ ಅಂದರೇನು? ಮಳೆ.

ರೈತ: ಮಳೆನಾ? ಅಂಗಾರೆ ನಂಗೆ ಅರವತ್ತು ವರ್ಷ ಅಂದ್ರೆ ಅರವತ್ತು ಮಳೆಗಾಲ. ಅದ್ರಲ್ಲಿ ಎಷ್ಟು ಮಳೆ ಬಂತು ಅಂತ ಕೇಳಿದ್ರೆ ನನ್ ವಯಸ್ಸು ಕಮ್ಮಿ ಆಯ್ತದೆ.

ಮೇಷ್ಟ್ರು: (ನಕ್ಕು) ಇಂಗ್ಲಿಷಿನಲ್ಲಿ ಇನ್ನೊಂದು ‘ಸಮ್ಮರ್’ ಇದೆ, ಅದಕ್ಕೂ ಬಿಸಿಲಿಗೂ ಸಂಬಂಧವಿಲ್ಲ. ಮನೆಯ ಮಾಳಿಗೆಯ ಭಾರವೆಲ್ಲ ಹೊರುವ ದೊಡ್ಡ ತೊಲೆಗೂ ಅದೇ ಹೆಸರು. ಹೇರು ಹೊರುವ ಕುದುರೆಯ ಹೆಸರಿನಿಂದ ಫ್ರೆಂಚರ ಕೈ ದಾಟಿ ಬಂದ ಪದ.

ರೈತ: ಮೊದಲ್ನೇ ಸಮ್ಮರ್‌ಗಿಂತ ಇದೇ ನಮ್ಗೆ ಸರಿ. ಭಾರ ಹೊರೋದು. ಆಮ್ಯಾಕೆ ನಮ್ಗೂ ಸಮ್ಮರ್ ಗೊತ್ತು ಕನವ್ವ. ‘ಸಮ್ಮರ್ ಕ್ರಾಪಿಗೆ ನೀರು ಬುಡ್ತಾರಾ, ಬುಡಾಕಿಲ್ವಾ?’ ಸಂಕ್ರಾಂತಿ ಬಂತು ಅಂದ್ರೆ ಟೀ ಅಂಗಡಿಯಲ್ಲಿ ಬ್ಯಾರೆ ಮಾತೇ ಇಲ್ಲ.

ಹುಡುಗಿ: ಸಂಕ್ರಾಂತಿಗಾ? ಜನವರಿ ಚಳಿಯಲ್ಲಿ ಸಮ್ಮರ್ ಕ್ರಾಪಾ?

ರೈತ: ಅದೇ ಮತ್ತೆ. ನಮ್ ಗದ್ದೆಗೆ ಬ್ಯಾಸ್ಗೆ ಸುರುವಾಗೋದು ಜನವರಿಗೆ. ಮೈಮ್ಯಾಲೆ ಕಂಬಳಿ ಇರ್ತದೆ, ಬಾಯಲ್ಲಿ ಬ್ಯಾಸ್ಗೆ ಬೆಳೆ. ಆಗ ಒಟ್ಲು ಹಾಕಿದ್ರೆ ಮೇ ಹೊತ್ತಿಗೆ ಕೊಯ್ಲು. ನೀರು ಕಟ್ಟು ಪದ್ಧತಿ. ಇಷ್ಟು ದಿನ ಬುಡ್ತಾರೆ, ಇಷ್ಟು ದಿನ ನಿಲ್ಲಿಸ್ತಾರೆ. ನೀರಾವರಿ ಸಭೆಯಲ್ಲಿ ಇಲ್ಲ ಅಂದ್ಬುಟ್ರೆ ಆ ವರ್ಷ ಬ್ಯಾಸ್ಗೆ ಬೆಳೆ ಇಲ್ಲ. 2023ರಲ್ಲಿ ಮಳೆ ಕೈಕೊಡ್ತಲ್ಲ, ಮುಂದಿನ ಬ್ಯಾಸ್ಗೆಗೆ ಭತ್ತ ಹಾಕಬ್ಯಾಡಿ ಅಂದ್ರು. ಅವತ್ತು ನಮ್ ಗದ್ದೆಯಲ್ಲಿ ಬಿಸಿಲಿತ್ತು, ಬ್ಯಾಸ್ಗೆ ಇರ್ನಿಲ್ಲ.

ಮೇಷ್ಟ್ರು: ಇದನ್ನೇ ನಾನು ಹೇಳಬೇಕು ಅಂದುಕೊಂಡದ್ದು, ನೀವು ಹೇಳಿಬಿಟ್ಟಿರಿ. ಪದಕೋಶದಲ್ಲಿ ಬೇಸಿಗೆಯ ಬೇರು ಬೆಂಕಿಯ ಕಡೆಗಿದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಕೋಶ ತೆಗೆದರೂ ಅಷ್ಟೇ. ಆದರೆ ಮಂಡ್ಯದವನ ಬಾಯಲ್ಲಿ ಆ ಪದ ನೀರಿನ ಕಡೆಗೆ ಹೊರಳಿದೆ. ಬೇಸಿಗೆ ಅಂದರೆ ನಾಲೆಯಲ್ಲಿ ಎರಡನೇ ಸಲ ನೀರು ಬರುವ ಕಾಲ. ಇಲ್ಲವೇ ಬರದೇ ಇರುವ ಕಾಲ. ಈ ಹೊರಳು ಆದದ್ದು ಹೆಚ್ಚೆಂದರೆ ತೊಂಬತ್ತು ನೂರು ವರ್ಷದಲ್ಲಿ. ಅದರ ಕಥೆ ಶುರುವಾಗುವುದು ನಿಮ್ಮ ಮಳವಳ್ಳಿ ತಾಲ್ಲೂಕಿನಲ್ಲೇ.

ರೈತ: ಶಿವನಸಮುದ್ರ?

ಮೇಷ್ಟ್ರು: ಶಿವನಸಮುದ್ರ. 1902ರ ಜೂನ್ ಕೊನೆಯಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಸುಮಾರು 147 ಕಿಲೋಮೀಟರ್ ತಂತಿ. ಆ ಕಾಲಕ್ಕೆ ಅಷ್ಟು ಉದ್ದದ ತಂತಿ ಎಳೆದವರು ಬೆರಳೆಣಿಕೆಯಷ್ಟು. ಎಲ್ಲ ಸರಿ, ಬೇಸಿಗೆ ಬಂತು. ಕಾವೇರಿ ಸಣ್ಣಗಾದಳು. ಗಗನಚುಕ್ಕಿಯಲ್ಲಿ ಧಾರೆ ತೆಳ್ಳಗಾಯಿತು. ಅಲ್ಲಿ ಕೋಲಾರದಲ್ಲಿ ಗಣಿ ಆಳಕ್ಕೆ ಇಳಿಯುತ್ತಲೇ ಇದೆ, ಕರೆಂಟು ಇನ್ನೂ ಬೇಕು. ಬೇಸಿಗೆ ಅಂತ ಗಣಿಗೆ ರಜೆ ಕೊಡೋಕಾಗುತ್ತದೆಯೇ? ಮಳೆಗಾಲದ ನೀರನ್ನು ಮೇಲೆಲ್ಲಾದರೂ ಕಟ್ಟಿ ಹಾಕಿ ಬೇಸಿಗೆಯಲ್ಲಿ ಒಂದೇ ಸಮ ಬಿಡಬೇಕು, ಅದೊಂದೇ ದಾರಿ. ಕನ್ನಂಬಾಡಿ ಕಟ್ಟೆಯ ಹಿಂದೆ ಇದ್ದ ಮೊದಲ ಒತ್ತಡಗಳಲ್ಲಿ ಇದು ದೊಡ್ಡದು.

ಹುಡುಗಿ: ನಾನು ರೈತರಿಗೋಸ್ಕರವೇ ಕಟ್ಟಿದ್ದು ಅಂದುಕೊಂಡಿದ್ದೆ.

ಮೇಷ್ಟ್ರು: ವಿಶ್ವೇಶ್ವರಯ್ಯನವರ ಲೆಕ್ಕದಲ್ಲಿ ಎರಡೂ ಇದ್ದವು, ಕರೆಂಟೂ ನೀರಾವರಿಯೂ. ಕೆಲಸ ಶುರುವಾದದ್ದು 1911ರಲ್ಲಿ. ಮದರಾಸಿನವರು ಮೊದಲಿಗೆ ಒಪ್ಪಿದ್ದು 80 ಅಡಿ ಎತ್ತರಕ್ಕೆ ಮಾತ್ರ. ಅಡಿಪಾಯವನ್ನು ಮಾತ್ರ ದೊಡ್ಡ ಕಟ್ಟೆಗೆ ತಕ್ಕಂತೆಯೇ ಹಾಕಿದರು. ಆ ಧೈರ್ಯವನ್ನು ನಾನು ಈಗಲೂ ಮೆಚ್ಚುತ್ತೇನೆ. 1924ರಲ್ಲಿ ಮದರಾಸಿನವರ ಜೊತೆ ಒಪ್ಪಂದ ಆದ ಮೇಲೆ 124 ಅಡಿಯ ಮಾತು ಕಾಗದಕ್ಕೆ ಬಂತು. ಆಮೇಲೆ ನಾಲೆ. ವೈಸರಾಯಿಯ ಹೆಸರಿನಲ್ಲಿ ಇರ್ವಿನ್ ನಾಲೆ, ಈಗ ವಿಶ್ವೇಶ್ವರಯ್ಯ ನಾಲೆ.

ರೈತ: ವಿ.ಸಿ. ನಾಲೆ.

ಮೇಷ್ಟ್ರು: ಹುಲಿಕೆರೆಯಲ್ಲಿ ಗುಡ್ಡದ ಹೊಟ್ಟೆ ಕೊರೆದು ಸುರಂಗದಲ್ಲಿ ನೀರು ದಾಟಿಸಿದರು. 1930ರ ದಶಕದ ಮೊದಲ ವರ್ಷಗಳಲ್ಲಿ ಆ ನೀರು ಮಂಡ್ಯ, ಮದ್ದೂರು, ಮಳವಳ್ಳಿಯ ಬಯಲಿಗೆ ಇಳಿಯಿತು. 1933ರಲ್ಲಿ ಸಕ್ಕರೆ ಕಂಪನಿ ಹುಟ್ಟಿತು. 1939ರ ಜುಲೈ 1ರಂದು ಮೈಸೂರಿನಿಂದ ಬೇರೆಯಾಗಿ ಮಂಡ್ಯವೇ ಒಂದು ಜಿಲ್ಲೆಯಾಯಿತು. ನಿಮ್ಮ ತಾತ ಬೆಂಗಾಡು ಅಂದರಲ್ಲ, ಅವರು ಆ ಪದ ಸವೆಯುವುದನ್ನು ಕಣ್ಣಾರೆ ಕಂಡವರು. ಅದಕ್ಕೆ ಮುಂಚೆ ಈ ಕಡೆ ಬೇಸಿಗೆಯಲ್ಲಿ ರೈತ ಏನು ಮಾಡುತ್ತಿದ್ದ?

ರೈತ: ಏನ್ ಮಾಡ್ತಿದ್ರು? ಕೆರೆ ನೀರು ಇದ್ದೋರು ಇದ್ರು, ಇಲ್ದೋರು ಮದ್ವೆ ಮಾಡ್ತಿದ್ರು, ಹಬ್ಬ ಮಾಡ್ತಿದ್ರು, ಮನೆ ಹೊದಿಸ್ತಿದ್ರು, ಗೊಬ್ಬರ ಹೊಡೀತಿದ್ರು. ಯುಗಾದಿಗೆ ಹೊನ್ನಾರು ಕಟ್ಟಿ ಒಂದು ಸಾಲು ಹೊಡುದ್ರೆ ಮಳೆ ಕಾಯ್ಕೊಂಡು ಕೂರೋದೆ. ಊರಮ್ಮನ ಕೊಂಡ ಎಲ್ಲಾ ಇದೇ ಕಾಲಕ್ಕೇ ಅಲ್ವಾ? ಕೈಯಲ್ಲಿ ರಾಗಿ ಇರ್ತದೆ, ಹೊಲ್ದಲ್ಲಿ ಕೆಲ್ಸ ಇರಾಕಿಲ್ಲ.

ಹುಡುಗಿ: ಅಜ್ಜಿ ‘ಅಮ್ಮ ಬರೋ ಕಾಲ’ ಅನ್ನೋರು. ಸಿಡುಬು, ಸೀತಾಳೆ ಸಿಡುಬು ಎಲ್ಲ ಬಿಸಿಲಿಗೇ ಏಳೋದು ಅಂತ.

ಮೇಷ್ಟ್ರು: ಬಿಸಿಲು ಮಾರಮ್ಮ ಅಂತಲೇ ದೇವತೆ ಇದ್ದಾಳಲ್ಲ ನಮ್ಮ ಕಡೆ. ಗುಡಿಗೆ ಸೂರಿಲ್ಲ, ಬಿಸಿಲಲ್ಲೇ ನಿಂತವಳು. ಬೇಸಿಗೆಗೆ ಒಂದು ಮುಖ ಬೇಕು ಅಂದರೆ ನಾನು ಪದಕೋಶ ಮುಚ್ಚಿ ಅವಳನ್ನೇ ತೋರಿಸುತ್ತೇನೆ. ನಾಲೆ ಬಂದ ಮೇಲೆ ಆ ಬಿಡುವು ಹೋಯಿತು. ಮಳೆಗಾಲದ ಭತ್ತ ಕೊಯ್ದ ಗದ್ದೆಗೆ ಮತ್ತೆ ನೀರು ಬಂದರೆ ಸುಮ್ಮನೆ ಕೂರುವವನು ಯಾರು? ಕಬ್ಬಿಗಂತೂ ಬೇಸಿಗೆಯಲ್ಲೇ ನೀರಿನ ದಾಹ. ಹಾಗಾಗಿ ಬೇಸಿಗೆ ಕಾಯುವ ಕಾಲವಾಗಿದ್ದದ್ದು ಕೇಳುವ ಕಾಲವಾಯಿತು. ಮನವಿ ಬರೆಯುವ ಕಾಲ, ರಸ್ತೆಯಲ್ಲಿ ಕೂರುವ ಕಾಲ.

ರೈತ: ಕೇಳ್ದೆ ಏನ್ ಮಾಡದು? ಮೇಲ್ಗಡೆಯವ್ರಿಗೆ ಬತ್ತದೆ. ನಮ್ಗೆ ಬರೋ ಹೊತ್ತಿಗೆ ಕಟ್ಟು ಮುಗಿದಿರ್ತದೆ. ಕೊನೇ ಭಾಗದವನಿಗೆ ಬ್ಯಾಸ್ಗೆ ಯಾವಾಗ್ಲೂ ಎರಡು ತಿಂಗಳು ಜಾಸ್ತಿ.

ಹುಡುಗಿ: ಹವಾಮಾನ ಇಲಾಖೆಯವರೂ ಒಂದು ಥರ ನೀರಿನ ಲೆಕ್ಕದವರೇ. ಮಾರ್ಚ್, ಏಪ್ರಿಲ್, ಮೇ ಮೂರು ತಿಂಗಳಿಗೆ ಅವರ ಪಟ್ಟಿಯಲ್ಲಿ ಹೆಸರು ‘ಮುಂಗಾರು ಪೂರ್ವ’. ಬರಬೇಕಾದ ಮಳೆಯ ಹೆಸರಿನಲ್ಲೇ ಬೇಸಿಗೆಯನ್ನು ಕರೀತಾರೆ.

ಮೇಷ್ಟ್ರು: ಇನ್ನೂ ಒಣಕಲು ಲೆಕ್ಕ ಬೇಕೆ? 2007ರ ಕಾವೇರಿ ನ್ಯಾಯಮಂಡಳಿಯ ಅಂತಿಮ ತೀರ್ಪು ತೆಗೆದು ನೋಡು. ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಯಾವ ತಿಂಗಳು ಎಷ್ಟು ನೀರು ಕೊಡಬೇಕು ಅಂತ ಒಂದು ಪಟ್ಟಿ ಇದೆ. ಜುಲೈ 34 ಟಿಎಂಸಿ, ಆಗಸ್ಟ್ 50. ಹಾಗೇ ಇಳಿಯುತ್ತಾ ಬಂದು ಜನವರಿಗೆ 3. ಫೆಬ್ರವರಿ ಎರಡೂವರೆ, ಮಾರ್ಚ್ ಎರಡೂವರೆ, ಏಪ್ರಿಲ್ ಎರಡೂವರೆ, ಮೇ ಎರಡೂವರೆ. 2018ರಲ್ಲಿ ಸುಪ್ರೀಂ ಕೋರ್ಟು ಒಟ್ಟು ಪ್ರಮಾಣವನ್ನು 192ರಿಂದ 177.25 ಟಿಎಂಸಿಗೆ ಇಳಿಸಿದಾಗಲೂ ಆ ನಾಲ್ಕು ಎರಡೂವರೆಗಳನ್ನು ಮುಟ್ಟಲಿಲ್ಲ. ಅವರ ವರ್ಷ ಶುರುವಾಗುವುದು ಯುಗಾದಿಗೂ ಅಲ್ಲ, ಜನವರಿಗೂ ಅಲ್ಲ, ಜೂನ್ 1ಕ್ಕೆ. ಜಲವರ್ಷ. ಬೇಸಿಗೆ ಆ ವರ್ಷದ ಬಾಲ. ವರ್ಷ ಅಂದರೆ ಮಳೆ ಅಂತ ಆಗ ಹೇಳಿದೆನಲ್ಲ, ನ್ಯಾಯಾಧೀಶರು ಗೊತ್ತಿಲ್ಲದೆಯೇ ಪದವನ್ನು ಹಳೆಯ ಅರ್ಥಕ್ಕೆ ತಂದು ನಿಲ್ಲಿಸಿದ್ದಾರೆ.

ರೈತ: ಎರಡೂವರೆ ಅಂದ್ರೆ ನದಿ ಒಣಗದಂಗೆ ಇರಕ್ಕೆ.

ಮೇಷ್ಟ್ರು: ಹೆಚ್ಚೂಕಡಿಮೆ ಅಷ್ಟೇ.

ಹುಡುಗಿ: ಬೆಂಗಳೂರಿನವರಿಗೆ ಈ ಯಾವ ಲೆಕ್ಕವೂ ಇಲ್ಲ. ನಲ್ಲಿಯಲ್ಲಿ ನೀರು ಬಂದರೆ ಅದು ಬರೀ ಮಾರ್ಚ್, ಬರಲಿಲ್ಲ ಅಂದರೆ ಸಮ್ಮರ್.

ರೈತ: ಆ ನೀರು ಎಲ್ಲಿಂದ ಬತ್ತದೆ ಅಂತ ಕೇಳು ಅವ್ರನ್ನ. ನಮ್ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿ.

ಮೇಷ್ಟ್ರು: ಟಿ.ಕೆ. ಹಳ್ಳಿ ಅಂದರೆ ಬೆಂಗಳೂರಿನ ಕೆಲವರಿಗಾದರೂ ಗೊತ್ತಿರುತ್ತದೆ. 1974ರಿಂದ ಅಲ್ಲಿಂದ ಪಂಪು ಮಾಡುತ್ತಿದ್ದಾರೆ. ಸುಮಾರು ನೂರು ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ. ಐದನೇ ಹಂತ 2024ರ ಅಕ್ಟೋಬರಿನಲ್ಲಿ ಶುರುವಾಯಿತು, ದಿನಕ್ಕೆ ಇನ್ನೂ 77.5 ಕೋಟಿ ಲೀಟರ್. ಅದೇ ವರ್ಷದ ಬೇಸಿಗೆಯಲ್ಲಿ ಬೆಂಗಳೂರಿನ ಟ್ಯಾಂಕರ್ ಸಾಲು ದೇಶಕ್ಕೆಲ್ಲ ಸುದ್ದಿಯಾಗಿತ್ತು.

ಹುಡುಗಿ: ನಮ್ಮ ಮದ್ದೂರಿಗೆ ಮಾತ್ರ ಸಮ್ಮರ್ ಬಂದರೆ ಲಾಭ. ಎಳನೀರು ಮಾರ್ಕೆಟ್ಟಿನ ಮುಂದೆ ಲಾರಿ ಸಾಲು ನೋಡಬೇಕು, ಮುಂಬೈ, ದೆಹಲಿ ಅಂತ. ಅಲ್ಲಿನ ದಲ್ಲಾಳಿಗಳ ಬಾಯಲ್ಲಿ ಬೇಸಿಗೆಯೂ ಇಲ್ಲ, ಗ್ರೀಷ್ಮವೂ ಇಲ್ಲ. ‘ಸೀಸನ್’ ಅಷ್ಟೇ. ಉತ್ತರದಲ್ಲಿ ಬಿಸಿಲು ಏರಿದರೆ ಇಲ್ಲಿ ರೇಟು ಏರುತ್ತೆ.

ಮೇಷ್ಟ್ರು: ನೋಡಿದೆಯಾ, ಕಾಳಿದಾಸನ ಗ್ರೀಷ್ಮ ಮದ್ದೂರಿಗೆ ಬರುವ ದಾರಿ ಇದು. ಲಾರಿಯಲ್ಲಿ.

ರೈತ: ಅದೆಲ್ಲಾ ಇರ್ಲಿ ಮೇಷ್ಟ್ರೆ. ಅಶ್ವಿನಿ ಮಳೆ ಹುಟ್ಟೋದು ಯಾವತ್ತು?

ಮೇಷ್ಟ್ರು: ಏಪ್ರಿಲ್ 13, 14ರ ಆಸುಪಾಸು. ಭರಣಿ 27ರ ಸುಮಾರಿಗೆ, ಕೃತ್ತಿಕೆ ಮೇ 11ಕ್ಕೆ.

ಹುಡುಗಿ: ಮಳೆ ಹುಟ್ಟೋದಾ? ಮಕ್ಕಳಿಗೆ ಬೇಸಿಗೆ ರಜೆ ಆಗ ತಾನೆ ಶುರುವಾಗಿರುತ್ತೆ!

ರೈತ: ಹೊಲದವನಿಗೆ ಮಳೆ ಲೆಕ್ಕ ಅಲ್ಲಿಂದ್ಲೇ ಸುರು ಕನವ್ವ. ಅಶ್ವಿನಿ ನಂಬಾಕಾಗಲ್ಲ, ‘ಅಶ್ವಿನಿ ಸಸ್ಯನಾಶಿನಿ’ ಅಂತರೆ. ‘ಭರಣಿ ಮಳೆ ಬಂದ್ರೆ ಧರಣಿಯೆಲ್ಲಾ ಬೆಳೆ.’ ಭರಣಿ ಒಂದು ಹದ ಬಿದ್ರೆ ಮೇಲ್ಗಡೆ ಹೊಲಕ್ಕೆ ಎಳ್ಳು ಚೆಲ್ತೀನಿ, ಅಕ್ಕಡಿಗೆ ಒಂದೆರಡು ಸಾಲು ಅಲಸಂದೆ. ನಮ್ ಕಡೆ ಅದು ಮುಂಗಾರು ಎಳ್ಳು.

ಹುಡುಗಿ: ತಾಳಿ ತಾಳಿ. ಅದೇ ತಿಂಗಳು ಬದುವಿನ ಕೆಳಗಿನ ಗದ್ದೆಯಲ್ಲಿ ನಿಂತಿರೋ ಭತ್ತ ಬೇಸಿಗೆ ಬೆಳೆ. ಬದುವಿನ ಮೇಲಿನ ಹೊಲಕ್ಕೆ ಹಾಕೋ ಎಳ್ಳು ಮುಂಗಾರು?

ರೈತ: ಹೂಂ. ಗದ್ದೆಗೆ ನೀರು ಕಟ್ಟೆಯಿಂದ ಬತ್ತದೆ, ಹೊಲಕ್ಕೆ ಮ್ಯಾಲಿಂದ ಬತ್ತದೆ. ಎರಡಕ್ಕೂ ಒಂದೇ ಹೆಸರು ಹೆಂಗಾಯ್ತದೆ?

ಮೇಷ್ಟ್ರು: ಮುಂಗಾರು ಎಂಬ ಪದದಲ್ಲಿರುವ ‘ಕಾರು’ ಕೂಡ ಕಪ್ಪು ಮೋಡವೇ. ಮುಂದಾಗಿ ಬರುವ ಮೋಡ. ಏಪ್ರಿಲ್ ಸಂಜೆ ಕಂಡರೂ ಮೋಡ ಮೋಡವೇ ತಾನೆ.

ಹುಡುಗಿ: ಸರ್ಕಾರದ ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಏನಂತ ಹಾಕ್ತೀರಾ? ಮುಂಗಾರು, ಹಿಂಗಾರು, ಬೇಸಿಗೆ ಅಂತ ಹಂಗಾಮು ಆರಿಸಬೇಕು. ಈಗ ಪೂರ್ವ ಮುಂಗಾರು ಅಂತಲೂ ಸಮೀಕ್ಷೆ ಮಾಡ್ತಾರೆ. ನಿಮ್ಮ ಸರ್ವೆ ನಂಬರ್‌ನಲ್ಲೇ ನಿಂತು ಬೆಳೆಯ ಫೋಟೋ ತೆಗೀಬೇಕು.

ರೈತ: ನಂಗೆ ಆ ಫೋನ್ ತಿರುವಾಕೆ ಬರಾಕಿಲ್ಲ. ಎಳ್ಳು ಹುಟ್ಟಿದ ಮ್ಯಾಲೆ ನೀನೇ ಒಂದು ಭಾನುವಾರ ಬಂದು ಹೊಡ್ಕೊಡು.

ಹುಡುಗಿ: ಬರ್ತೀನಿ. ಆದ್ರೆ ಯಾವ ಹಂಗಾಮು ಅಂತ ಈಗಲೇ ಹೇಳಿ.

ರೈತ: ಬದುವಿನ ಮೇಲೇ ನಿಂತ್ಕೊಂಡು ಹೊಡಿ, ಮುಂಗಾರು ಅಂತ ಹಾಕು. ಒಂದು ಹೆಜ್ಜೆ ಕೆಳಕ್ಕೆ ಇಳುದ್ಬುಟ್ಟೀಯೆ, ಬ್ಯಾಸ್ಗೆ ಆಗೋಯ್ತದೆ.